ಮಾನ್ವಿಯ ಜಗನ್ನಾಥದಾಸರು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ನಾಡಿಗೆ ರಾಯಚೂರು ದೋಆಬ್ ಎಂದು ಹೆಸರು. ಜೋಳವನ್ನೂ ಹತ್ತಿಯನ್ನೂ ಬೆಳೆಯುವ ಈ ಕಪ್ಪು ನೆಲಕ್ಕಾಗಿ ಅರಸರು ತಲೆತಲಾಂತರದಿಂದ ಕಾದಾಡಿದರು. ಇಂದು ಈ ಕೋಟೆಯ ಮೇಲೆ ಒಬ್ಬನ ಬಾವುಟ ಹಾರಿದರೆ ನಾಳೆ ಇನ್ನೊಬ್ಬನ ಬಾವುಟ ಹಾರುತ್ತಿತ್ತು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನು ವಿಜಾಪುರದ ಸುಲ್ತಾನನನ್ನು ಸೋಲಿಸಿ ರಾಯಚೂರಿನ ಕೋಟೆಯನ್ನು ವಶಪಡಿಸಿಕೊಂಡ ಸಂಗತಿ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಗೆದ್ದವರೂ ಹೋದರು, ಸೋತವರೂ ಹೋದರು. ಅವರ ಹೆಸರುಗಳು ಚರಿತ್ರೆಯ ಪುಟಗಳಲ್ಲಿ ಉಳಿದಿವೆ. ಇದೇ ನೆಲದ ಮೂರು ಚಿಕ್ಕ ಹಳ್ಳಿಗಳಲ್ಲಿ ಹುಟ್ಟಿದ ಮೂವರು ಮಹನೀಯರ ಹೆಸರುಗಳಾದರೋ ಜನರ ನಾಲಗೆಯ ಮೇಲೆ ಉಳಿದಿವೆ. ಅವರು ಕೋಟೆಯನ್ನು ಕಟ್ಟಿದವರಲ್ಲ, ದಂಡನ್ನು ನಡೆಸಿದವರಲ್ಲ. ಕೈಯಲ್ಲಿ ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಕನ್ನಡದಲ್ಲಿ ಹಾಡಿದವರು. ಮಾನ್ವಿಯ ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು, ದೇವದುರ್ಗದ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು, ಮಾನ್ವಿಯ ಸಮೀಪದ ಬ್ಯಾಗವಟ್ಟದಲ್ಲಿ ಹುಟ್ಟಿದ ಜಗನ್ನಾಥದಾಸರು ಇವರೇ ಆ ಮೂವರು.

ಈ ಮೂವರಲ್ಲಿ ಕೊನೆಯವರಾದ ಜಗನ್ನಾಥದಾಸರ ಜೀವನವು ಒಂದು ವಿಶೇಷ ಕಾರಣದಿಂದ ನಮ್ಮ ಗಮನವನ್ನು ಸೆಳೆಯುತ್ತದೆ. ಅವರು ಬಾಲ್ಯದಿಂದಲೂ ಗ್ರಂಥಗಳ ನಡುವೆ ಬೆಳೆದವರು. ಆದರೆ ಓದಿನಿಂದ ಬರುವ ಸಂತೋಷವು ಅವರಿಗೆ ದೊರೆತದ್ದು ಬಹುಕಾಲದ ಮೇಲೆ, ಅದೂ ದೊಡ್ಡದೊಂದು ಸಂಕಟದ ಮೂಲಕ. ತಮಗೆ ದೊರೆತ ಆ ಸಂತೋಷವನ್ನು ಅವರು ತಮ್ಮಲ್ಲಿಯೇ ಬಚ್ಚಿಟ್ಟುಕೊಳ್ಳಲಿಲ್ಲ. ಊಟ ಮಾಡುವಾಗ, ಉಸಿರಾಡುವಾಗ, ಮನೆಗೆಲಸದಲ್ಲಿ ತೊಡಗಿರುವಾಗ ಸಾಮಾನ್ಯರೂ ನೆನೆದು ಸುಖಿಸಬಹುದಾದ ಒಂದು ಗ್ರಂಥವನ್ನು ಅವರು ಕನ್ನಡಕ್ಕೆ ಕೊಟ್ಟರು. ಆ ಗ್ರಂಥವೇ ಹರಿಕಥಾಮೃತಸಾರ.

ಹದಿನಾರನೆಯ ಶತಮಾನದಲ್ಲಿ ಪುರಂದರದಾಸರೂ ಕನಕದಾಸರೂ ತಮ್ಮ ಕೀರ್ತನೆಗಳಿಂದ ಕನ್ನಡ ನಾಡನ್ನು ಎಚ್ಚರಗೊಳಿಸಿದರು. ವಿಜಯನಗರದ ಪತನದ ಅನಂತರ ಆ ಹಾಡಿನ ಹೊಳೆ ಕೆಲಕಾಲ ಬತ್ತಿದಂತೆ ಕಂಡಿತು. ಅದಕ್ಕೆ ಮತ್ತೆ ನೀರು ಬಂದದ್ದು ವಿಜಯದಾಸರ ಕಾಲದಲ್ಲಿ. 1682ರಲ್ಲಿ ಚೀಕಲಪರ್ವಿಯ ಕಡುಬಡತನದ ಮನೆಯೊಂದರಲ್ಲಿ ಹುಟ್ಟಿದ ದಾಸಪ್ಪನೆಂಬ ಬಾಲಕನೇ ಮುಂದೆ ವಿಜಯದಾಸರೆಂದು ಪ್ರಸಿದ್ಧರಾದರು. ಹೊಟ್ಟೆಯ ಹಸಿವನ್ನೂ ಬಂಧುಗಳ ತಾತ್ಸಾರವನ್ನೂ ಕಂಡುಂಡು ಬೆಳೆದ ಅವರು ಕಾಶಿಯವರೆಗೆ ನಡೆದು ಬಂದರು. ಅವರ ಕೀರ್ತನೆಗಳೂ ಸುಳಾದಿಗಳೂ ಹಳ್ಳಿಯಿಂದ ಹಳ್ಳಿಗೆ ಹಬ್ಬಿದವು. ಅವರ ನೆಚ್ಚಿನ ಶಿಷ್ಯರೇ ಗೋಪಾಲದಾಸರು. ಮೊಸರಕಲ್ಲಿನ ಭಾಗಣ್ಣನೆಂಬ ಹುಡುಗ ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಆಸ್ತಿಯನ್ನು ದಾಯಾದಿಗಳ ಪಾಲು ಮಾಡಿ, ತಾಯಿ ತಮ್ಮಂದಿರೊಡನೆ ಊರೂರು ಅಲೆಯಬೇಕಾಯಿತು. ಆ ಕಷ್ಟ ಅವರ ಮನಸ್ಸನ್ನು ಕಹಿಯಾಗಿಸಲಿಲ್ಲ. ಪರರ ನೋವಿಗೆ ಬೇಗ ಕರಗುವ ಗುಣವನ್ನು ಕೊಟ್ಟಿತು. ಈ ಗುಣವೇ ಮುಂದೆ ಜಗನ್ನಾಥದಾಸರ ಬಾಳಿಗೆ ಆಸರೆಯಾಯಿತು.

ಜಗನ್ನಾಥದಾಸರು ಹುಟ್ಟಿದ್ದು 1728ರಲ್ಲಿ. ತಂದೆ ತಾಯಿಯರು ಇಟ್ಟ ಹೆಸರು ಶ್ರೀನಿವಾಸ. ತಂದೆ ನರಸಿಂಹದಾಸರು ಹಾಡುಗಳನ್ನು ಬಲ್ಲವರು, ಸಾಧು ಸ್ವಭಾವದವರು. ಕಾಲವಾದರೋ ನೆಮ್ಮದಿಯದಾಗಿರಲಿಲ್ಲ. ಶ್ರೀನಿವಾಸನು ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು, 1724ರಲ್ಲಿ, ಹೈದರಾಬಾದಿನ ನಿಜಾಮರ ಆಳ್ವಿಕೆ ಆರಂಭವಾಗಿತ್ತು. ನಿಜಾಮರಿಗೂ ಮರಾಠರಿಗೂ ಮೇಲಿಂದ ಮೇಲೆ ಯುದ್ಧಗಳು ನಡೆಯುತ್ತಿದ್ದವು. ಇಂತಹ ದಿನಗಳಲ್ಲಿ ವಿದ್ಯೆಯೆಂಬುದು ಕೆಲವರ ಸೊತ್ತಾಗಿತ್ತು. ಅಚ್ಚಿನ ಪುಸ್ತಕಗಳು ಇನ್ನೂ ಈ ನಾಡಿಗೆ ಬಂದಿರಲಿಲ್ಲ. ತಾಳೆಗರಿಯ ಕಟ್ಟುಗಳಲ್ಲಿಯೂ ಕೈಬರಹದ ಹಾಳೆಗಳಲ್ಲಿಯೂ ಗ್ರಂಥಗಳು ಅಡಗಿದ್ದವು. ಅವುಗಳಲ್ಲಿ ಬಹುಪಾಲು ಸಂಸ್ಕೃತದಲ್ಲಿದ್ದವು. ಅವನ್ನು ಓದಬಲ್ಲವನಿಗೆ ಸಮಾಜದಲ್ಲಿ ಮಣೆ, ಮನ್ನಣೆ. ಓದಲಾರದವರಿಗೆ, ಅಂದರೆ ಉಳಿದವರೆಲ್ಲರಿಗೂ, ದೂರದಿಂದ ಕೈಮುಗಿಯುವುದಷ್ಟೇ ಉಳಿದಿತ್ತು.

ಬಾಲಕ ಶ್ರೀನಿವಾಸನ ಬುದ್ಧಿ ಬಲು ಚುರುಕಾದುದು. ತುಂಗಭದ್ರೆಯ ದಂಡೆಯ ಮಂತ್ರಾಲಯವು ಮಾನ್ವಿಗೆ ಬಹಳ ದೂರವಲ್ಲ. ಅಲ್ಲಿಯ ಮಠದ ಪರಂಪರೆಯ ವರದೇಂದ್ರತೀರ್ಥರಲ್ಲಿ ಆತನು ವ್ಯಾಕರಣ, ತರ್ಕ, ವೇದಾಂತಗಳನ್ನು ಅಭ್ಯಾಸಮಾಡಿದನೆಂದು ಪರಂಪರೆ ಹೇಳುತ್ತದೆ. ವಿದ್ವಾಂಸರ ಸಭೆಯಲ್ಲಿ ಆತನಿಗೆ ಆಚಾರ್ಯನೆಂಬ ಮನ್ನಣೆಯೂ ದೊರೆಯಿತು. ಶ್ರೀನಿವಾಸನು ಶ್ರೀನಿವಾಸಾಚಾರ್ಯರಾದರು. ಮಾನ್ವಿಯಲ್ಲಿ ನೆಲೆನಿಂತು ಶಿಷ್ಯರಿಗೆ ಪಾಠ ಹೇಳತೊಡಗಿದರು. ವಾದದಲ್ಲಿ ಅವರನ್ನು ಗೆಲ್ಲುವವರು ಸುತ್ತಮುತ್ತ ಯಾರೂ ಇರಲಿಲ್ಲ.

ವಿದ್ಯೆಯೊಡನೆ ವಿನಯವೂ ಬರಬೇಕೆಂದು ಹಿರಿಯರು ಹೇಳುತ್ತಾರೆ. ಆದರೆ ಕೆಲವೊಮ್ಮೆ ವಿದ್ಯೆಯ ಹಿಂದೆಯೇ ಅಹಂಕಾರವೂ ಮೆಲ್ಲನೆ ಒಳಗೆ ಬಂದುಬಿಡುತ್ತದೆ. ಶ್ರೀನಿವಾಸಾಚಾರ್ಯರಿಗೂ ಹಾಗೆಯೇ ಆಯಿತು. ಶಾಸ್ತ್ರದ ಮಾತು ಸಂಸ್ಕೃತದಲ್ಲಿಯೇ ಇರತಕ್ಕದ್ದು, ಬೀದಿಯಲ್ಲಿ ಗೆಜ್ಜೆ ಕಟ್ಟಿ ಕುಣಿಯುವ ದಾಸರ ಕನ್ನಡ ಪದಗಳಿಗೆ ಯಾವ ಬೆಲೆಯೂ ಇಲ್ಲವೆಂಬುದು ಅವರ ನಿಲುವಾಗಿತ್ತು. ಅಕ್ಕಪಕ್ಕದ ಮನೆಗಳ ಹೆಣ್ಣುಮಕ್ಕಳು ನೀರು ಸೇದುತ್ತಲೋ ಹಿಟ್ಟು ಬೀಸುತ್ತಲೋ ದಾಸರ ಪದಗಳನ್ನು ಹಾಡಿಕೊಂಡು ಸುಖಿಸುತ್ತಿದ್ದ ಕಾಲವದು. ಆ ಸುಖವು ಆಚಾರ್ಯರ ಕಣ್ಣಿಗೆ ಬೀಳಲಿಲ್ಲ.

ಒಮ್ಮೆ ವೃದ್ಧರಾದ ವಿಜಯದಾಸರು ಶಿಷ್ಯರೊಡನೆ ಮಾನ್ವಿಗೆ ಬಂದರು. ಅವರು ಬಂದರೆಂದರೆ ಊರಿಗೆ ಹಬ್ಬ. ಪೂಜೆ, ಭಜನೆ, ಸಂತರ್ಪಣೆಗಳ ಸಂಭ್ರಮ. ದಾಸರು ಊರಿನ ವಿದ್ವಾಂಸರೆಂಬ ಗೌರವದಿಂದ ಶ್ರೀನಿವಾಸಾಚಾರ್ಯರನ್ನೂ ಊಟಕ್ಕೆ ಆಹ್ವಾನಿಸಿದರು. ಆಚಾರ್ಯರಿಗೆ ಹೋಗುವ ಮನಸ್ಸಿಲ್ಲ. ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುವುದೆಂದು ನೆಪ ಹೇಳಿಕಳುಹಿಸಿ ಮನೆಯಲ್ಲಿಯೇ ಉಳಿದರು. ಮಾತಿಗೆ ಹೇಳಿದ ಆ ನೆಪವೇ ನಿಜವಾಯಿತೆಂದು ಐತಿಹ್ಯವು ಹೇಳುತ್ತದೆ. ಕೆಲವೇ ದಿನಗಳಲ್ಲಿ ಅವರಿಗೆ ತೀವ್ರವಾದ ಉದರಶೂಲೆ ಕಾಣಿಸಿಕೊಂಡಿತು. ತುತ್ತು ಅನ್ನ ಒಳಗೆ ಹೋದರೆ ಬೆಂಕಿಯನ್ನು ನುಂಗಿದಂತಾಗುತ್ತಿತ್ತು. ಮದ್ದುಗಳು ನಾಟಲಿಲ್ಲ, ವ್ರತನಿಯಮಗಳು ಫಲಿಸಲಿಲ್ಲ. ದೇಹ ಸೊರಗಿ ಕಡ್ಡಿಯಾಯಿತು.

ಆ ದಿನಗಳಲ್ಲಿ ಅವರ ಮನಸ್ಸು ಹೇಗಿದ್ದಿರಬೇಕೆಂಬುದನ್ನು ನಾವು ಊಹಿಸಬಹುದು. ಮನೆಯ ತುಂಬ ಗ್ರಂಥಗಳಿದ್ದವು. ಅವುಗಳ ಸಾಲುಸಾಲೂ ಅವರಿಗೆ ಕಂಠಪಾಠವಾಗಿತ್ತು. ಎದುರಾಳಿಯ ಬಾಯಿ ಮುಚ್ಚಿಸಲು ಬೇಕಾದ ಯುಕ್ತಿಗಳೆಲ್ಲವೂ ಅವುಗಳಲ್ಲಿ ದೊರೆತಿದ್ದವು. ನೋವಿನ ರಾತ್ರಿಯೊಂದನ್ನು ಸಮಾಧಾನದಿಂದ ಕಳೆಯಲು ಬೇಕಾದ ಒಂದು ಮಾತು ಮಾತ್ರ ದೊರೆಯಲಿಲ್ಲ. ದೋಷ ಗ್ರಂಥಗಳದಾಗಿರಲಿಲ್ಲ. ಗೆಲ್ಲುವುದಕ್ಕಾಗಿ ಓದಿದವನಿಗೆ ಗ್ರಂಥವು ಗೆಲುವನ್ನೇ ಕೊಡುತ್ತದೆ. ನೆಮ್ಮದಿಯನ್ನು ಬೇಡಿ ಓದಿದವನಿಗೆ ಮಾತ್ರ ನೆಮ್ಮದಿಯನ್ನು ಕೊಡುತ್ತದೆ.

ಕೊನೆಗೆ ಅವರು ಮಂತ್ರಾಲಯಕ್ಕೆ ಹೋಗಿ ಸೇವೆ ಮಾಡಿದರು. ಯಾರನ್ನು ಕಡೆಗಣಿಸಿದರೋ ಅವರನ್ನೇ ಕಾಣಬೇಕೆಂಬ ಪ್ರೇರಣೆ ಅಲ್ಲಿ ಅವರಿಗಾಯಿತು. ಹೆಮ್ಮೆಯನ್ನು ನುಂಗಿಕೊಂಡು ಅವರು ವಿಜಯದಾಸರ ಬಳಿಗೆ ನಡೆದರು. ವಿಜಯದಾಸರು ಹಳೆಯದನ್ನು ಎತ್ತಿ ಆಡಲಿಲ್ಲ. ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಅವರನ್ನು ಕಳುಹಿಸಿಕೊಟ್ಟರು. ಉತ್ತನೂರು ಈಗ ತೆಲಂಗಾಣದ ಗದ್ವಾಲ ಸೀಮೆಗೆ ಸೇರಿದೆ. ಅಂದು ಅಲ್ಲಿಗೆ ಬಂದ ಶ್ರೀನಿವಾಸಾಚಾರ್ಯರು ಪಂಡಿತರಾಗಿ ಬರಲಿಲ್ಲ, ರೋಗಿಯಾಗಿ ಬಂದರು.

ಗೋಪಾಲದಾಸರು ಅವರನ್ನು ಅಕ್ಕರೆಯಿಂದ ಬರಮಾಡಿಕೊಂಡರು. ದೇವರನ್ನು ಪ್ರಾರ್ಥಿಸಿ ಜೋಳದ ರೊಟ್ಟಿಯನ್ನು ಕೊಟ್ಟು ಉಣ್ಣೆಂದರು. ಮೆತ್ತನೆಯ ಅನ್ನವನ್ನೇ ಅರಗಿಸಿಕೊಳ್ಳಲಾರದವರಿಗೆ ರೊಟ್ಟಿಯೇ! ಆದರೂ ಗುರುವಿನ ಮಾತೆಂದು ಶ್ರೀನಿವಾಸಾಚಾರ್ಯರು ಅದನ್ನು ಸ್ವೀಕರಿಸಿದರು. ನೋವು ಬರಲಿಲ್ಲ. ದಿನಗಳು ಕಳೆದಂತೆ ದೇಹಕ್ಕೆ ಕಸುವು ಬಂದಿತು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿಯೇ ನಲವತ್ತು ವರ್ಷಗಳನ್ನು ಶಿಷ್ಯನಿಗೆ ಧಾರೆಯೆರೆದರೆಂದು ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿಯೇ, ತೀರಿಕೊಂಡರು. ಶಿಷ್ಯರು ಎಂಬತ್ತನ್ನು ದಾಟಿ ಬದುಕಿದರು. ಐತಿಹ್ಯವನ್ನು ಅಕ್ಷರಶಃ ನಂಬುವವರು ನಂಬಲಿ, ನಂಬದವರು ಬಿಡಲಿ. ತನ್ನದನ್ನು ಕೊಟ್ಟು ಇನ್ನೊಬ್ಬರನ್ನು ಬದುಕಿಸುವವನೇ ಗುರು ಎಂಬ ಅದರ ಒಳದನಿಯನ್ನು ಎಲ್ಲರೂ ಒಪ್ಪಬೇಕು. ಈ ಸೀಮೆಯ ಬಡವ ಬಲ್ಲಿದರೆಲ್ಲರ ದಿನನಿತ್ಯದ ಊಟವಾದ ಜೋಳದ ರೊಟ್ಟಿಯೇ ಆ ಪಂಡಿತರಿಗೆ ಮದ್ದಾಯಿತೆಂಬುದೂ ಅರ್ಥಪೂರ್ಣವಾಗಿದೆ. ಅವರು ಯಾವುದನ್ನು ಸಾಮಾನ್ಯವೆಂದು ಭಾವಿಸಿದ್ದರೋ ಅದರಲ್ಲಿಯೇ ಅವರ ಪ್ರಾಣ ಅಡಗಿತ್ತು.

ಗುರುವಿನ ಅಪ್ಪಣೆಯಂತೆ ಶ್ರೀನಿವಾಸಾಚಾರ್ಯರು ಪಂಢರಾಪುರಕ್ಕೆ ಹೋದರು. ಚಂದ್ರಭಾಗಾ ನದಿಯಲ್ಲಿ ಮಿಂದು ವಿಠಲನ ದರ್ಶನ ಪಡೆದು, ಜಗನ್ನಾಥವಿಠಲ ಎಂಬ ಅಂಕಿತವನ್ನು ಧರಿಸಿದರು. ಅಂಕಿತವೆಂದರೆ ಕವಿಯು ತನ್ನ ಹಾಡಿನ ಕೊನೆಯಲ್ಲಿ ಹೇಳುವ ಇಷ್ಟದೈವದ ಹೆಸರು. ಅಲ್ಲಿಗೆ ಆಚಾರ್ಯರೆಂಬ ಬಿರುದು ಹಿಂದೆ ಸರಿದು ದಾಸರೆಂಬ ಹೆಸರು ನಿಂತಿತು. ಯಾವ ಗೆಜ್ಜೆ ತಂಬೂರಿಗಳನ್ನು ಅವರು ಹೀಗಳೆದಿದ್ದರೋ ಅವನ್ನೇ ಹಿಡಿದು ಮಾನ್ವಿಗೆ ಮರಳಿದರು. ಅವರ ಪಾಂಡಿತ್ಯ ಎಲ್ಲಿಯೂ ಹೋಗಿರಲಿಲ್ಲ. ಅದು ದಿಕ್ಕನ್ನು ಬದಲಿಸಿಕೊಂಡಿತ್ತು, ಅಷ್ಟೆ. ಇಲ್ಲಿಯವರೆಗೆ ಕೆರೆಯಲ್ಲಿ ನಿಂತಿದ್ದ ನೀರು ಈಗ ಕಾಲುವೆಗಳ ಮೂಲಕ ಹೊಲಗಳತ್ತ ಹರಿಯತೊಡಗಿತು.

ಜಗನ್ನಾಥದಾಸರು ಅನೇಕ ಕೀರ್ತನೆಗಳನ್ನೂ ಸುಳಾದಿಗಳನ್ನೂ ರಚಿಸಿದರು. ಆದರೆ ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಕೃತಿ ಹರಿಕಥಾಮೃತಸಾರ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಸಂಸ್ಕೃತದಲ್ಲಿ ಬರೆದ ಗ್ರಂಥಗಳ ತಿರುಳನ್ನು ಅವರು ಈ ಕಾವ್ಯದಲ್ಲಿ ಕನ್ನಡಕ್ಕೆ ಇಳಿಸಿದರು. ಕೃತಿಯಲ್ಲಿ ಮೂವತ್ತೆರಡು ಸಂಧಿಗಳೂ ಸುಮಾರು ಒಂದು ಸಾವಿರ ಪದ್ಯಗಳೂ ಇವೆ. ಇದಕ್ಕೆ ಅವರು ಆರಿಸಿಕೊಂಡ ಛಂದಸ್ಸು ಭಾಮಿನೀ ಷಟ್ಪದಿ. ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ ಹದಿನಾಲ್ಕು ಹದಿನಾಲ್ಕು ಮಾತ್ರೆಗಳೂ, ಮೂರು ಮತ್ತು ಆರನೆಯ ಸಾಲುಗಳಲ್ಲಿ ಇಪ್ಪತ್ತಮೂರು ಇಪ್ಪತ್ತಮೂರು ಮಾತ್ರೆಗಳೂ ಉಳ್ಳ ಈ ಷಟ್ಪದಿಯು ಕನ್ನಡಿಗರ ಕಿವಿಗೆ ಹೊಸದಲ್ಲ. ಕುಮಾರವ್ಯಾಸನು ಭಾರತವನ್ನು ಹೇಳಿದ್ದು ಇದರಲ್ಲಿಯೇ. ಚಾವಡಿಯಲ್ಲಿ ಒಬ್ಬರು ಭಾರತವನ್ನು ರಾಗವಾಗಿ ಓದಿದರೆ ಊರೇ ಕುಳಿತು ಕೇಳುತ್ತಿತ್ತು. ಅಕ್ಷರ ಬಾರದವರೂ ಆ ನಡೆಯನ್ನು ಬಲ್ಲರು. ಪರಿಚಿತವಾದ ಈ ಧಾಟಿಯಲ್ಲಿ ಶಾಸ್ತ್ರವನ್ನು ಹೇಳಿದರೆ ಅದು ತಾನಾಗಿಯೇ ನಾಲಗೆಗೆ ಹತ್ತುವುದೆಂಬುದನ್ನು ದಾಸರು ಕಂಡುಕೊಂಡರು.

ಈ ಗ್ರಂಥದ ವಿಶೇಷವೇನೆಂದರೆ ಅದು ಓದುಗನನ್ನು ಅವನ ದಿನಚರಿಯಿಂದ ಬಿಡಿಸಿ ಬೇರೆಲ್ಲಿಗೋ ಕರೆದೊಯ್ಯುವುದಿಲ್ಲ. ಅವನ ದಿನಚರಿಯೊಳಕ್ಕೆ ತಾನೇ ಬರುತ್ತದೆ. ಭೋಜನಸಂಧಿಯನ್ನು ನೋಡಬಹುದು. ದಿನವೂ ನಾವು ಉಣ್ಣುತ್ತೇವೆ. ಅವಸರದಲ್ಲಿ ಉಣ್ಣುತ್ತೇವೆ, ಉಪ್ಪು ಸಾಲದೆಂದು ಗೊಣಗುತ್ತ ಉಣ್ಣುತ್ತೇವೆ. ಎಲೆಯ ಮೇಲಿನ ಅನ್ನ, ಹಾಲು, ತುಪ್ಪ, ಮೊಸರು ಮೊದಲಾದ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ಒಂದೊಂದು ರೂಪವನ್ನು ಕಾಣುವಂತೆ ದಾಸರು ಈ ಸಂಧಿಯಲ್ಲಿ ತಿಳಿಸುತ್ತಾರೆ. ಇದನ್ನು ಓದಿದವನು ಮರುದಿನ ಎಲೆಯ ಮುಂದೆ ಕುಳಿತಾಗ ಅಡುಗೆ ಬದಲಾಗಿರುವುದಿಲ್ಲ. ಉಣ್ಣುವವನ ಮನಸ್ಸು ಬದಲಾಗಿರುತ್ತದೆ. ತುತ್ತಿನ ರುಚಿ ತಿಳಿದು ಉಣ್ಣುವ ತೃಪ್ತಿ ಅವನದಾಗುತ್ತದೆ. ಒಂದು ಕಾಲದಲ್ಲಿ ತುತ್ತನ್ನೂ ನುಂಗಲಾರದೆ ನರಳಿದ್ದವರೇ ಊಟವನ್ನು ಕುರಿತು ಹೀಗೆ ಹಾಡಿದರೆಂಬುದನ್ನು ನೆನೆದರೆ ಆ ಸಂಧಿಯ ಬೆಲೆ ಇಮ್ಮಡಿಸುತ್ತದೆ.

ಶ್ವಾಸಸಂಧಿಯ ವಿಷಯವೂ ಹೀಗೆಯೇ. ಮನುಷ್ಯನು ಒಂದು ಹಗಲು ಒಂದು ರಾತ್ರಿಯಲ್ಲಿ 21,600 ಬಾರಿ ಉಸಿರಾಡುತ್ತಾನೆಂಬುದು ನಮ್ಮ ಹಿಂದಿನವರ ಲೆಕ್ಕ. ಅಂದರೆ ಒಂದು ನಿಮಿಷಕ್ಕೆ ಹದಿನೈದು ಉಸಿರು. ಈ ಒಂದೊಂದು ಉಸಿರೂ ನಮಗೆ ಅರಿವಿಲ್ಲದಂತೆಯೇ ಒಂದೊಂದು ಜಪವಾಗುತ್ತಿದೆ ಎಂಬುದನ್ನು ದಾಸರು ಅಲ್ಲಿ ವಿವರಿಸಿದ್ದಾರೆ. ಕೂಲಿ ಮಾಡುವವನಿಗೂ ಕುದುರೆ ಏರುವವನಿಗೂ ಉಸಿರು ಒಂದೇ. ಅದಕ್ಕೆ ಹಣ ಬೇಡ, ಬಿಡುವು ಬೇಡ. ಕರುಣಾಸಂಧಿಯಲ್ಲಿ ದೇವರ ಸೌಲಭ್ಯವನ್ನು, ಎಂದರೆ ಸುಲಭವಾಗಿ ಒಲಿಯುವ ಗುಣವನ್ನು, ಹೃದಯ ತುಂಬಿ ಬಣ್ಣಿಸಿದ್ದಾರೆ. ಹಾಡುವವನ ಆಸನ ಎಂತಹುದು, ವಿದ್ಯೆ ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ವಿಭೂತಿಸಂಧಿಯು ಸುತ್ತಲಿನ ಜಗತ್ತಿನ ಕಡೆಗೆ ಕಣ್ಣು ತೆರೆಸುತ್ತದೆ. ನಿತ್ಯವೂ ಕಾಣುವ ವಸ್ತುಗಳಲ್ಲಿಯೇ ಬೆರಗನ್ನು ಕಾಣುವ ಅಭ್ಯಾಸವನ್ನು ಮಾಡಿಸುತ್ತದೆ.

ಕೃತಿಯೆಲ್ಲವೂ ಹೀಗೆ ಸುಲಭವೆಂದು ಭಾವಿಸಲಾಗದು. ದೇವತೆಗಳ ತಾರತಮ್ಯವನ್ನು ಹೇಳುವ ಸಂಧಿಗಳೂ, ನಾಡಿಗಳು ಮತ್ತು ವರ್ಣಗಳ ಲೆಕ್ಕವನ್ನು ಹೇಳುವ ಸಂಧಿಗಳೂ ಕಠಿನವಾದವುಗಳು. ತಿಳಿದವರ ನೆರವಿಲ್ಲದೆ ಅವುಗಳ ಅರ್ಥವಾಗುವುದಿಲ್ಲ. ಅಲ್ಲಿ ಶ್ರೀನಿವಾಸಾಚಾರ್ಯರ ಪಾಂಡಿತ್ಯವು ತಲೆಯೆತ್ತಿ ನಿಂತಿದೆ. ಆದರೆ ಓದುವವರು ಇದರಿಂದ ಎದೆಗುಂದಲಿಲ್ಲ. ಹೊಳೆಯಲ್ಲಿ ಕೆಲವೆಡೆ ಆಳ, ಕೆಲವೆಡೆ ಮೊಳಕಾಲುದ್ದ ನೀರು. ಈಜು ಬಲ್ಲವರು ಆಳಕ್ಕೆ ಇಳಿದರು, ಉಳಿದವರು ದಂಡೆಯಲ್ಲಿಯೇ ಬೊಗಸೆ ತುಂಬಿ ಕುಡಿದರು. ಇಬ್ಬರ ಬಾಯಾರಿಕೆಯೂ ತೀರಿತು.

ಷಟ್ಪದಿಯ ಜೊತೆಗೆ ದಾಸರು ಇನ್ನೂ ಸರಳವಾದ ತ್ರಿಪದಿಯನ್ನೂ ಕೈಗೆತ್ತಿಕೊಂಡರು. ಅವರ ತತ್ತ್ವಸುವ್ವಾಲಿಯು ತ್ರಿಪದಿಗಳ ಮಾಲೆ. ಬೀಸುವಾಗ ಕುಟ್ಟುವಾಗ ನಮ್ಮ ತಾಯಂದಿರು ಹಾಡಿಕೊಳ್ಳುತ್ತಿದ್ದ ಹಾಡಿನ ಧಾಟಿಯದು. ಸುವ್ವಿ ಎಂಬ ಮಾತಿನಲ್ಲಿಯೇ ಒನಕೆಯ ಏರಿಳಿತವಿದೆ. ಬೆಳಗಿನ ಜಾವದಲ್ಲಿ ಎದ್ದು ಮನೆಮಂದಿಗೆಲ್ಲ ಜೋಳ ಬೀಸುವುದು ಹಗುರವಾದ ಕೆಲಸವಲ್ಲ. ತೋಳು ಸೋಲುತ್ತದೆ, ಕಣ್ಣು ಕೂರುತ್ತದೆ. ಅಂತಹ ಹೊತ್ತಿನಲ್ಲಿ ಬಾಯಿಗೊಂದು ಹಾಡು ಬಂದರೆ ದಣಿವು ಅರ್ಧ ಇಳಿಯುತ್ತದೆ. ಶಾಲೆಯ ಮುಖ ಕಾಣದ, ಶಾಸ್ತ್ರದ ಬಾಗಿಲು ಮುಚ್ಚಿದ್ದ ಆ ಹೆಣ್ಣುಮಕ್ಕಳ ಬೀಸುವ ಕಲ್ಲಿನ ಬಳಿಗೇ ದಾಸರು ಶಾಸ್ತ್ರವನ್ನು ತಂದರು. ಕೆಲಸವನ್ನು ಬಿಟ್ಟು ಬಾ ಎಂದು ಅವರು ಯಾರನ್ನೂ ಕರೆಯಲಿಲ್ಲ.

ಕೆಲಸವನ್ನೂ ಆನಂದವನ್ನೂ ಹೀಗೆ ಒಂದುಗೂಡಿಸುವುದು ಈ ನೆಲಕ್ಕೆ ಹಳೆಯ ಪಾಠ. ಹನ್ನೆರಡನೆಯ ಶತಮಾನದ ಶರಣರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಇದೇ ರಾಯಚೂರು ಸೀಮೆಯ ಅಮರೇಶ್ವರದವರು. ಅವರು ಕಾಯಕದಲ್ಲಿಯೇ ಕೈಲಾಸವನ್ನು ಕಂಡರು. ಮತ ಬೇರೆ, ಕಾಲ ಬೇರೆ, ಮಾತಿನ ರೀತಿ ಬೇರೆ. ಆದರೂ ದಿನದ ದುಡಿಮೆಯನ್ನು ಕೀಳೆಂದು ಕಾಣಬಾರದೆಂಬ ತಿಳಿವಿನಲ್ಲಿ ಶರಣರೂ ದಾಸರೂ ಒಂದೇ ದಾರಿಯ ಪಯಣಿಗರು.

ಜಗನ್ನಾಥದಾಸರ ಸುತ್ತ ಮಾನ್ವಿಯಲ್ಲಿ ದೊಡ್ಡ ಶಿಷ್ಯವರ್ಗವೇ ಬೆಳೆಯಿತು. ಲಿಂಗಸುಗೂರಿನ ಪ್ರಾಣೇಶದಾಸರು ಅವರಲ್ಲೊಬ್ಬರು. ಕರ್ಜಗಿಯ ದಾಸಪ್ಪನವರು ಇನ್ನೊಬ್ಬರು. ಶ್ರೀದವಿಠಲ ಎಂಬ ಅಂಕಿತದಿಂದ ಹಾಡಿದ ಅವರು ಹರಿಕಥಾಮೃತಸಾರದ ಹಿರಿಮೆಯನ್ನು ಹೊಗಳಿ ಒಂದು ಸಂಧಿಯನ್ನೇ ರಚಿಸಿದರು. ಅದನ್ನು ಸೇರಿಸಿಕೊಂಡು ಗ್ರಂಥಕ್ಕೆ ಮೂವತ್ತಮೂರು ಸಂಧಿಗಳೆಂದು ಎಣಿಸುವ ರೂಢಿಯಿದೆ. ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಈ ಕನ್ನಡ ಕಾವ್ಯಕ್ಕೆ ಕನ್ನಡದಲ್ಲಿ ಹಲವು ವ್ಯಾಖ್ಯಾನಗಳು ಹುಟ್ಟಿದವು. ಸಂಸ್ಕೃತದಲ್ಲಿಯೂ ವ್ಯಾಖ್ಯಾನ ಹುಟ್ಟಿತು. ಸಂಸ್ಕೃತ ಗ್ರಂಥಗಳಿಗೆ ಕನ್ನಡದಲ್ಲಿ ಟೀಕೆ ಬರೆಯುವುದು ವಾಡಿಕೆ. ಕನ್ನಡ ಪದ್ಯಗಳ ಅರ್ಥವನ್ನು ಸಂಸ್ಕೃತದಲ್ಲಿ ವಿವರಿಸುವ ಕಾಲವೂ ಬಂದಿತು. ಕನ್ನಡದಲ್ಲಿ ಶಾಸ್ತ್ರ ಹೇಳಬಾರದೆಂದು ಒಮ್ಮೆ ವಾದಿಸಿದ್ದವರ ಕೃತಿಗೇ ಈ ಗೌರವ ಸಂದಿತು. ಅವರ ಹಳೆಯ ವಾದಕ್ಕೆ ಅವರ ಬಾಳೇ ಉತ್ತರವಾಯಿತು.

ಮುದ್ರಣಯಂತ್ರ ಬರುವವರೆಗೆ ಈ ಗ್ರಂಥ ಕೈಬರಹದಲ್ಲಿಯೇ ಮನೆಯಿಂದ ಮನೆಗೆ ಸಾಗಿತು. ಎಷ್ಟೋ ಮನೆಗಳಲ್ಲಿ ಅದು ಹಾಳೆಯಲ್ಲಿಯೂ ಇರಲಿಲ್ಲ, ಅಜ್ಜಿಯ ನೆನಪಿನಲ್ಲಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ದಾಸರ ಹಾಡುಗಳ ಹಸ್ತಪ್ರತಿಗಳನ್ನು ಸಂಗ್ರಹಿಸಿ, ಶೋಧಿಸಿ, ಅಚ್ಚುಹಾಕಿಸಿದರು. ಇಂತಹ ಹಿರಿಯರ ಶ್ರಮದಿಂದಾಗಿ ದಾಸಸಾಹಿತ್ಯವು ಎಲ್ಲರ ಕೈಗೆ ಎಟುಕಿತು.

ಹರಿಕಥಾಮೃತಸಾರವನ್ನು ಓದುವ ರೀತಿಯೂ ಸೊಗಸಾದುದು. ಅದನ್ನು ಒಂದೇ ಬಾರಿಗೆ ಓದಿ ಮುಗಿಸುವವರು ಕಡಮೆ. ದಿನಕ್ಕೊಂದು ಸಂಧಿಯನ್ನೋ ನಾಲ್ಕಾರು ಪದ್ಯಗಳನ್ನೋ ಓದುವುದು, ಕೊನೆಗೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸುವುದು ರೂಢಿ. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಹಿರಿಯರೊಬ್ಬರು ರಾಗವಾಗಿ ಓದುತ್ತಾರೆ. ಉಳಿದವರು ಹೂ ಕಟ್ಟುತ್ತಲೋ ಕಾಳು ಆರಿಸುತ್ತಲೋ ಕೇಳುತ್ತಾರೆ. ಕೇಳಿ ಕೇಳಿ ಮಕ್ಕಳಿಗೆ ಪದ್ಯಗಳು ಬಾಯಿಗೆ ಬಂದುಬಿಡುತ್ತವೆ. ಅರ್ಥ ಆಗ ತಿಳಿಯದಿದ್ದರೂ ಚಿಂತೆಯಿಲ್ಲ. ಬಾಲ್ಯದಲ್ಲಿ ಕಲಿತ ಪದ್ಯವೊಂದು ಎಷ್ಟೋ ವರ್ಷಗಳ ಮೇಲೆ, ಕಷ್ಟದ ಗಳಿಗೆಯೊಂದರಲ್ಲಿ, ಕರೆಯದೆಯೇ ನೆನಪಿಗೆ ಬಂದು ತನ್ನ ಅರ್ಥವನ್ನು ತಾನೇ ಬಿಡಿಸಿ ಹೇಳುತ್ತದೆ. ಒಳ್ಳೆಯ ಗ್ರಂಥದ ಲಕ್ಷಣವೇ ಇದು. ಅದು ಓದಿದ ದಿನಕ್ಕಿಂತ ಬೇಕಾದ ದಿನ ಹೆಚ್ಚು ಉಪಕಾರ ಮಾಡುತ್ತದೆ.

1809ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಜಗನ್ನಾಥದಾಸರು ಮಾನ್ವಿಯಲ್ಲಿ ಇಹಲೋಕವನ್ನು ತ್ಯಜಿಸಿದರು. ಅವರು ತಮ್ಮ ಮನೆಯ ಕಂಬವೊಂದರಲ್ಲಿ ಸನ್ನಿಹಿತರಾಗಿದ್ದಾರೆಂಬುದು ಭಕ್ತರ ನಂಬಿಕೆ. ಭಾದ್ರಪದ ಮಾಸದಲ್ಲಿ ಅವರ ಆರಾಧನೆ ನಡೆಯುತ್ತದೆ. ಮನೆಯ ಭಾರವನ್ನು ಹೊರುವ ಕಂಬವನ್ನೇ ಜನರು ದಾಸರ ನೆಲೆಯೆಂದು ಭಾವಿಸಿದ್ದು ಎಷ್ಟು ಉಚಿತ! ದಿನದ ಬದುಕಿನ ಭಾರವನ್ನು ಹೊರಲು ಸಾವಿರಾರು ಮನೆಗಳಿಗೆ ಅವರ ಗ್ರಂಥ ಕಂಬವಾಗಿ ನಿಂತಿದೆ.

ಸಂತೋಷವು ಎಲ್ಲಿಯೋ ದೂರದಲ್ಲಿದೆ, ದೊಡ್ಡ ಪದವಿಯಲ್ಲಿದೆ, ಹಬ್ಬದ ದಿನದಲ್ಲಿದೆ ಎಂದು ನಾವು ಅಲೆಯುತ್ತೇವೆ. ಜಗನ್ನಾಥದಾಸರೂ ಯೌವನದಲ್ಲಿ ಹಾಗೆಯೇ ಅಲೆದರು. ವಿದ್ವಾಂಸರ ಸಭೆಯಲ್ಲಿ ದೊರೆಯದುದು ಅವರಿಗೆ ಗುರುವಿತ್ತ ಒಂದು ರೊಟ್ಟಿಯಲ್ಲಿ ದೊರೆಯಿತು. ಆ ಅನುಭವವನ್ನೇ ಅವರು ಗ್ರಂಥವನ್ನಾಗಿ ಮಾಡಿ ನಮಗೆ ಬಿಟ್ಟುಹೋದರು. ಓದು ನಮ್ಮನ್ನು ಇತರರಿಗಿಂತ ಎತ್ತರದಲ್ಲಿ ಕೂರಿಸಿದರೆ ಅದು ಅರ್ಧ ಓದು. ನಾವು ಉಣ್ಣುವ ತುತ್ತಿಗೆ ರುಚಿಯನ್ನೂ, ಮಾಡುವ ಕೆಲಸಕ್ಕೆ ಉಲ್ಲಾಸವನ್ನೂ, ಎದುರಿಗೆ ಬಂದವರಲ್ಲಿ ಗೌರವವನ್ನೂ ತಂದುಕೊಟ್ಟಾಗಲೇ ಅದು ಪೂರ್ಣವಾಗುತ್ತದೆ. ದೋಆಬಿನ ಕಪ್ಪು ನೆಲದಲ್ಲಿ ಪ್ರತಿವರ್ಷವೂ ಜೋಳ ಬೆಳೆದು ಜನರ ಹಸಿವನ್ನು ತಣಿಸುತ್ತಿದೆ. ಅದೇ ನೆಲದಲ್ಲಿ ಎರಡು ಶತಮಾನಗಳ ಹಿಂದೆ ಬೆಳೆದ ಈ ಇನ್ನೊಂದು ಬೆಳೆಯೂ ತೀರದೆ ಉಳಿದು, ಓದಿದವರ ಮನಸ್ಸನ್ನು ಇಂದಿಗೂ ತಣಿಸುತ್ತಿದೆ.